ತಕ್ಕಡಿ ಪಕ್ಕ 11 ವರ್ಷ: ಬೋರ್ಡಲ್ಲಿರೋ ರೇಟು ಬೇರೆ, ರೈತನ ಕೈಗೆ ಬರೋ ದುಡ್ಡು ಬೇರೆ

ನಾನು ರೈತರ ಸಹಕಾರ ಸಂಘ ಒಂದರಲ್ಲಿ ಖರೀದಿ ನೋಡ್ಕೊಳ್ಳೋನು. ಸೀಸನ್ ಶುರುವಾದ್ರೆ ಬೆಳಿಗ್ಗೆಯಿಂದ ಕತ್ತಲಾಗೋವರೆಗೂ ತಕ್ಕಡಿ ಪಕ್ಕ, ಉಳಿದ ದಿನ ರಿಜಿಸ್ಟರ್ ಮುಂದೆ. ನಮ್ದು ಹೆಚ್ಚಾಗಿ ಮೆಕ್ಕೆಜೋಳ. 11 ವರ್ಷ ಆಯ್ತು. ಊರು, ಸಂಘದ ಹೆಸರು ಬೇಡ ಬಿಡಿ, ಸಣ್ಣ ಹಿಡುವಳಿದಾರರು ಇರೋ ಕಡೆಯೆಲ್ಲ ಕಥೆ ಹೆಚ್ಚುಕಮ್ಮಿ ಇದೇ.

ಸೊಸೈಟಿ ಇದ್ರೆ ರೈತನಿಗೆ ಒಳ್ಳೆ ರೇಟು ಸಿಗುತ್ತೆ, ಹಳ್ಳಿ ಬಡತನ ಕಮ್ಮಿ ಆಗುತ್ತೆ ಅಂತ ಭಾಷಣಗಳಲ್ಲಿ ಕೇಳಿ ಕೇಳಿ ನಾನೂ ನಂಬ್ಕೊಂಡೇ ಕೆಲಸಕ್ಕೆ ಸೇರಿದ್ದು. ಸುಳ್ಳೇನಲ್ಲ. ಆದ್ರೆ ಅದು ಎಲ್ಲಿ ಆಗುತ್ತೆ ಯಾರಿಗೆ ಆಗುತ್ತೆ ಅನ್ನೋದು ನನಗೆ ಅರ್ಥ ಆಗೋಕೆ ಮೂರ್ನಾಲ್ಕು ಸೀಸನ್ ಹಿಡೀತು, ಅದೂ ಬೈಸ್ಕೊಂಡು ಬೈಸ್ಕೊಂಡು.

ಮೊದಲನೇ ವರ್ಷ ನಮ್ಮ ಬೋರ್ಡಲ್ಲಿ ರೇಟು ಪಕ್ಕದ ವ್ಯಾಪಾರಿಗಿಂತ ನೂರಕ್ಕೆ ನಾಲ್ಕು ಜಾಸ್ತಿ ಇತ್ತು. ದಪ್ಪ ಅಕ್ಷರದಲ್ಲಿ ಬರ್ಸಿದ್ದೆ. ಆದ್ರೂ ನಮ್ಮದೇ ಮೆಂಬರ್‌ಗಳು, ನಮ್ಮಲ್ಲೇ ಬೀಜ ಗೊಬ್ಬರ ತಗೊಂಡವರು, ನಮ್ಮ ಗೇಟ್ ಮುಂದೇನೇ ಗಾಡಿ ಓಡಿಸ್ಕೊಂಡು ಹೋಗಿ ಅವನ ಹತ್ರ ಇಳಿಸ್ತಿದ್ರು. ನಂಗೆ ಮೈ ಉರಿಯೋದು. ಏನ್ ಜನ ಇವರು, ಒಳ್ಳೇದು ಮಾಡಿದ್ರೂ ಬೇಡ ಅಂತಾರಲ್ಲ ಅಂತ.

ಸರಿ ಲೆಕ್ಕದಲ್ಲೇ ತೋರಿಸೋಣ ಅಂತ ಕೂತೆ. ಮೆಂಬರ್ ಒಬ್ಬರ ಹತ್ರ ವ್ಯಾಪಾರಿ ಕೊಟ್ಟಿದ್ದ ಚೀಟಿ ಇಸ್ಕೊಂಡು ನಮ್ಮ ಬಿಲ್ ಪಕ್ಕ ಇಟ್ಟೆ. ಮಾಲು ಹಸಿ, ತೇವಾಂಶ 20 ಪರ್ಸೆಂಟ್. ಒಣಗಿಸಿ 14ಕ್ಕೆ ತಂದ್ರೇನೇ ಗೋಡೌನಲ್ಲಿ ಇಡೋಕಾಗೋದು, ಇಲ್ಲಾಂದ್ರೆ ಬೂಸ್ಟು. 100 ಕೆಜಿ ಹಸಿ ಕಾಳಲ್ಲಿ ನೀರು 20 ಕೆಜಿ, ಒಣ ಭಾಗ 80 ಕೆಜಿ. ಆ 80 ಕೆಜಿನೇ 14 ಪರ್ಸೆಂಟ್ ತೇವದಲ್ಲಿ ತೂಗಿದ್ರೆ 80ನ್ನ 0.86ರಿಂದ ಭಾಗಿಸಬೇಕು, 93 ಕೆಜಿ ಬರುತ್ತೆ. ಅಂದ್ರೆ ನ್ಯಾಯವಾಗಿ ಕಡಿಯಬೇಕಾಗಿದ್ದು 7 ಕೆಜಿ. ವ್ಯಾಪಾರಿ ಕಾಳು ಬಾಯಿಗೆ ಹಾಕಿ ಕಟಂ ಅಂತ ಕಡಿದು "ಹಸಿ ಇದೆ" ಅಂತ 10 ಕೆಜಿ ಹೊಡೆದಿದ್ದ. ಆಮೇಲೆ ಧೂಳು ಕಸ ಅಂತ ಚೀಲಕ್ಕೆ ಇನ್ನೊಂದು ಕೆಜಿ. 50 ಕೆಜಿ ಚೀಲ 20 ಇತ್ತು ಅನ್ಕೊಳ್ಳಿ, ಒಟ್ಟು 1000 ಕೆಜಿ. ಅವನು ದುಡ್ಡು ಕೊಡೋದು 880 ಕೆಜಿಗೆ, ನಾವು 930ಕ್ಕೆ. ರೇಟಿನ ವ್ಯತ್ಯಾಸ ನಾಲ್ಕೇ ಆದ್ರೂ ಕೊನೆಗೆ ಬಿಲ್ಲಲ್ಲಿ ಬರೋ ವ್ಯತ್ಯಾಸ ಸುಮಾರು ನೂರಕ್ಕೆ ಹತ್ತು. ನಂಗೇ ಆಶ್ಚರ್ಯ ಆಯ್ತು. ಬೋರ್ಡ್ ನೋಡೋರಿಗೆ ಈ ಆರು ಕಾಣ್ಸೋದೇ ಇಲ್ಲ, ಅದು ತೂಕದಲ್ಲೇ ಕರಗಿ ಹೋಗಿರುತ್ತೆ.

ಜಂಬದಲ್ಲಿ ಈ ಲೆಕ್ಕ ತಗೊಂಡು ಹೋಗಿ ಒಬ್ಬರು ವಯಸ್ಸಾದ ಹೆಂಗಸಿಗೆ ತೋರಿಸ್ದೆ, ಅವರು ಹಿಂದಿನ ವರ್ಷ ನಮಗೆ ಕೊಟ್ಟು ಈ ವರ್ಷ ವ್ಯಾಪಾರಿಗೆ ಕೊಟ್ಟಿದ್ರು. ಪೂರ್ತಿ ಕೇಳಿದ್ರು. ಆಮೇಲೆ ಕೇಳಿದ್ದು ಒಂದೇ ಮಾತು.

"ಲೆಕ್ಕ ಸರಿನೇ ಇದೆ ಕಣಪ್ಪ. ಹೋದ ವರ್ಷ ನೀವು ದುಡ್ಡು ಕೊಟ್ಟಿದ್ದು ಎಷ್ಟು ದಿನಕ್ಕೆ?"

40 ದಿನ. ನಾವು ಮಾಲು ಮಾರಿ, ಆ ಕಡೆಯಿಂದ ದುಡ್ಡು ಬಂದು, ಕಮಿಟಿ ಸೈನ್ ಆಗಿ, ಪಾಸ್‌ಬುಕ್‌ಗೆ ಬೀಳೋಕೆ 40 ದಿನ ಆಗಿತ್ತು. ಅಷ್ಟು ದಿನ ಅವರು ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ ಸಾಲ ತಗೊಂಡು ಮನೆ ನಡೆಸಿದ್ರು, ಕೂಲಿಯವರಿಗೆ ಕೊಟ್ಟಿದ್ರು. 40 ದಿನಕ್ಕೆ ಆ ಬಡ್ಡಿ ನೂರಕ್ಕೆ ಆರೂಮುಕ್ಕಾಲು ಹತ್ರ ಹೋಗುತ್ತೆ. ಬೆಳೆ ದುಡ್ಡಿನಷ್ಟೂ ಸಾಲ ಮಾಡಿದ್ರೆ ನಾನು ಎದೆ ತಟ್ಟಿ ತೋರಿಸಿದ ಹತ್ತರಲ್ಲಿ ಉಳಿಯೋದು ಮೂರು ಚಿಲ್ಲರೆ, ಅದ್ರಲ್ಲಿ ಸೊಸೈಟಿ ಗೋಡೌನ್‌ವರೆಗೂ ಗಾಡಿ ಬಾಡಿಗೆ ಕಳೀರಿ, ಒಂದು ದಿನದ ಕೆಲಸ ಬಿಟ್ಟು ಕ್ಯೂನಲ್ಲಿ ನಿಂತಿದ್ದು ಕಳೀರಿ. ವ್ಯಾಪಾರಿ ಅವರ ಹೊಲಕ್ಕೇ ಬಂದು ತುಂಬ್ಕೊಂಡು ಅಲ್ಲೇ ನೋಟು ಎಣಿಸಿ ಕೊಟ್ಟು ಹೋಗ್ತಾನೆ. ಹೋದ ಸಲ ಮನೇಲಿ ಯಾರಿಗೋ ಹುಷಾರಿಲ್ದಾಗ ರಾತ್ರಿ ಹತ್ತಕ್ಕೆ ಬಾಗಿಲು ತಟ್ಟಿದ್ರೆ ಅವನು ದುಡ್ಡು ಕೊಟ್ಟಿದ್ನಂತೆ, ಸೊಸೈಟಿ ಆ ಹೊತ್ತಿಗೆ ಬೀಗ.

ಅವತ್ತಿಂದ ನಾನು ದಲ್ಲಾಳಿನ ಬೈಯೋದು ಕಮ್ಮಿ ಮಾಡ್ದೆ. ಪೂರ್ತಿ ಬಿಟ್ಟಿಲ್ಲ, ಆ ಹತ್ತು ಕೆಜಿ ಕಡ್ತ ನೆನಪಿದೆ.

ಇದಕ್ಕೆ ಪುಸ್ತಕದವರು ಏನೋ ದೊಡ್ಡ ಹೆಸರಿಡ್ತಾರೆ, ಮೆಂಬರ್ ಆಗಿದ್ಕೊಂಡು ಹೊರಗೆ ಮಾರೋದು ಅಂತ, ಸಂಘಗಳು ಮುಳುಗೋದಕ್ಕೆ ಇದೂ ಒಂದು ದೊಡ್ಡ ಕಾರಣ. ನಾವು ಇಷ್ಟು ಟನ್ ಕೊಡ್ತೀವಿ ಅಂತ ಮಿಲ್ಲಿಗೆ ಒಪ್ಕೊಂಡಿರ್ತೀವಿ, ಮಾಲೇ ಬರಲ್ಲ, ಲಾರಿ ಅರ್ಧ ಖಾಲಿ ಹೋಗುತ್ತೆ, ಬಾಡಿಗೆ ಪೂರ್ತಿ ಕೊಡ್ಬೇಕು, ಮುಂದಿನ ಸಲ ಮಿಲ್ಲಿನವರು ಆ ರೇಟು ಕೊಡಲ್ಲ, ರೇಟು ಇಳಿದ್ರೆ ಮಾಲು ಇನ್ನೂ ಕಮ್ಮಿ ಬರುತ್ತೆ. ಹಂಗೆ ಹಂಗೆ. ಮೀಟಿಂಗಲ್ಲಿ ಡೈರೆಕ್ಟರ್‌ಗಳು "ನಿಷ್ಠೆ ಇಲ್ಲ" ಅಂತಾರೆ. ನಿಷ್ಠೆ ವಿಷಯ ಆಮೇಲೆ ನೋಡೋಣ ಸಾರ್, ಮೊದಲು 40 ದಿನದ ವಿಷಯ ಮಾತಾಡೋಣ ಅಂತ ಹೇಳೋಕೆ ನಂಗೆ ಎರಡು ವರ್ಷ ಧೈರ್ಯ ಬರ್ಲಿಲ್ಲ.

ಕೊನೆಗೆ ಹೇಳ್ದೆ. ಬ್ಯಾಂಕಲ್ಲಿ ಗೋಡೌನ್ ಮಾಲು ಅಡ ಇಟ್ಟು ದುಡಿಯೋ ಬಂಡವಾಳ ತಗೊಂಡ್ವಿ, ತೂಕ ಆದ ಮೂರು ದಿನದೊಳಗೆ 70 ಪರ್ಸೆಂಟ್ ಕೊಡೋದು, ಉಳಿದಿದ್ದು ಮಾಲು ಮಾರಿದ ಮೇಲೆ, ವರ್ಷದ ಕೊನೆಗೆ ಲಾಭ ಉಳಿದ್ರೆ ಯಾರು ಎಷ್ಟು ಮಾಲು ಕೊಟ್ರೋ ಅದೇ ಪ್ರಮಾಣದಲ್ಲಿ ಬೋನಸ್. ಈ ಕೊನೇದು ನಮ್ಮ ಐಡಿಯಾ ಏನಲ್ಲ, 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಜನ ಸೇರಿ ಅಂಗಡಿ ತೆಗೆದಾಗ್ಲೇ ಇದ್ದಿದ್ದು, ಷೇರು ಎಷ್ಟಿದೆ ಅಂತ ನೋಡ್ದೆ ಯಾರು ಎಷ್ಟು ವ್ಯಾಪಾರ ಮಾಡಿದ್ರು ಅಂತ ನೋಡಿ ಲಾಭ ಹಂಚೋದು. ಬಡ್ಡಿ ಖರ್ಚು ಬಂದಿದ್ರಿಂದ ಬೋರ್ಡ್ ರೇಟು ಒಂದು ಪರ್ಸೆಂಟ್ ಇಳಿಸ್ಬೇಕಾಯ್ತು. ಕಮಿಟಿಯವರು ಜನ ಬಿಟ್ಟು ಹೋಗ್ತಾರೆ ಅಂದ್ರು. ಆ ವರ್ಷ ಮಾಲು ಜಾಸ್ತಿ ಬಂತು. ರೇಟು ಇಳಿಸಿ ಮಾಲು ಜಾಸ್ತಿ!

ತೂಕದ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕಂದ್ರೆ ಅದ್ರಲ್ಲಿ ನಮ್ಮ ಮರ್ಯಾದೆ ಹೋದ ಕಥೆ ಇದೆ.

ಒಂದು ಸೀಸನ್ ನಡುವೆ ಒಬ್ಬ ಹುಡುಗ, ಓದ್ತಿರೋನು, ಬಂದು "ಅಣ್ಣಾ ನಿಮ್ಮ ಮೀಟ್ರು ಸರಿ ಇದೆಯಾ" ಅಂದ. ನಮ್ದು ಡಿಜಿಟಲ್ ಮಾಯಿಶ್ಚರ್ ಮೀಟರ್, ಹಿಡಿ ಕಾಳು ಹಾಕಿ ಬಟನ್ ಒತ್ತಿದ್ರೆ ನಂಬರ್ ಬರುತ್ತೆ. ನಂಗೆ ಕೋಪ ಬಂತು, ವ್ಯಾಪಾರಿ ಹಲ್ಲಲ್ಲಿ ಕಡಿದು ಹೇಳಿದ್ರೆ ಕೇಳ್ತೀರ, ಮಷೀನ್ ಹೇಳಿದ್ರೆ ಅನುಮಾನ ಅಂತ ರೇಗ್ದೆ. ಅವನು ಹೋದ. ರಾತ್ರಿ ನಿದ್ದೆ ಬರ್ಲಿಲ್ಲ. ಮಾರನೇ ದಿನ ಮಿಲ್ಲಿನ ಲ್ಯಾಬಿಗೆ ಸ್ಯಾಂಪಲ್ ಕಳಿಸ್ದೆ, ಅವರು ತೂಗಿ ಓವನ್‌ನಲ್ಲಿ ಒಣಗಿಸಿ ಮತ್ತೆ ತೂಗಿ ನೋಡ್ತಾರೆ, ಅದೇ ಪಕ್ಕಾ. ನಮ್ಮ ಮೀಟರ್ ಒಂದೂವರೆ ಪರ್ಸೆಂಟ್ ಜಾಸ್ತಿ ತೋರಿಸ್ತಿತ್ತು. ಅಂದ್ರೆ ನಾವು ಪ್ರತಿ 100 ಕೆಜಿಗೆ ಒಂದೂಮುಕ್ಕಾಲು ಕೆಜಿ ಹತ್ರ ಸುಮ್ಮನೆ ಹೊಡೀತಿದ್ವಿ. ಎಷ್ಟು ದಿನದಿಂದ ಅಂತ ಯಾರಿಗೂ ಗೊತ್ತಿಲ್ಲ. ಬೇಕಂತ ಮಾಡಿದ್ದಲ್ಲ, ಆದ್ರೆ ರೈತನ ಕಡೆಯಿಂದ ನೋಡಿದ್ರೆ ವ್ಯಾಪಾರಿ ಹಲ್ಲಿಗೂ ನನ್ನ ಮೀಟರ್‌ಗೂ ಏನ್ ವ್ಯತ್ಯಾಸ.

ಸೀಸನ್ ಶುರುವಿಂದ ಎಲ್ಲಾ ಬಿಲ್ ತೆಗೆದು ಮತ್ತೆ ಲೆಕ್ಕ ಹಾಕಿ ವ್ಯತ್ಯಾಸ ವಾಪಸ್ ಕೊಟ್ವಿ. ಕಮಿಟೀಲಿ ಒಬ್ರು "ಯಾರೂ ಕೇಳಿಲ್ಲ, ಯಾಕೆ ಬಾಯಿ ಬಿಡ್ತೀರ" ಅಂದ್ರು. ಅಧ್ಯಕ್ಷರು ಪುಣ್ಯಕ್ಕೆ ಒಪ್ಪಿದ್ರು. ಆ ಹುಡುಗನ್ನ ಕರೆದು ಸಾರಿ ಕೇಳ್ದೆ. ಈಗ ಮೀಟರ್ ಮುಖ ರೈತನ ಕಡೆಗೆ ತಿರುಗಿಸಿ ಇಡ್ತೀವಿ, ಮೂರು ಸಲ ಓದಿ ಸರಾಸರಿ ಬರೀತೀವಿ, ತಿಂಗಳಿಗೊಂದ್ಸಲ ಲ್ಯಾಬ್ ಸ್ಯಾಂಪಲ್ ಜೊತೆ ಹೋಲಿಸಿದ ಚೀಟಿ ಗೋಡೆಗೆ ಅಂಟಿಸ್ತೀವಿ.

ಇದಾದ ಮೇಲೆ ನಾನು ಸಹಕಾರ ಸಂಘಗಳ ಹಳೇ ಕಥೆ ಓದೋಕೆ ಶುರು ಮಾಡ್ದೆ, ನೋಡಿದ್ರೆ ಎಲ್ಲಾ ಕಡೆ ಅಳತೆನೇ. ಡೆನ್ಮಾರ್ಕಲ್ಲಿ 1882ರಲ್ಲಿ ಯೆಡ್ಡಿಂಗ್ ಅನ್ನೋ ಹಳ್ಳೀಲಿ ರೈತರು ಸೇರಿ ಬೆಣ್ಣೆ ಡೈರಿ ಮಾಡಿದ್ರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1878ರಲ್ಲಿ, ಹಾಲಿಂದ ಕೆನೆ ಬೇರೆ ಮಾಡೋ ತಿರುಗೋ ಮಷೀನ್ ಬಂದಿತ್ತು, ಅದು ಬಂದಿದ್ದಕ್ಕೇ ಹತ್ತಾರು ಮನೆ ಹಾಲು ಒಂದೇ ಕಡೆ ಸೇರಿಸಿ ಬೆಣ್ಣೆ ತೆಗೆಯೋಕೆ ಸಾಧ್ಯ ಆಗಿದ್ದು. ವೋಟು ತಲೆ ಲೆಕ್ಕದಲ್ಲಿ, ದನದ ಲೆಕ್ಕದಲ್ಲಿ ಬೇಡ ಅಂತ ಡೆನ್ಮಾರ್ಕಿನ ಸಂಘಗಳವರ ಮಾತು, ಎರಡು ಹಸು ಇರೋನಿಗೂ ಇಪ್ಪತ್ತು ಇರೋನಿಗೂ ಒಂದೇ ವೋಟು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1890ರಲ್ಲಿ ಬ್ಯಾಬ್‌ಕಾಕ್ ಅನ್ನೋ ವಿಜ್ಞಾನಿ ಹಾಲಲ್ಲಿ ಕೊಬ್ಬು ಎಷ್ಟಿದೆ ಅಂತ ಬೇಗ ಕಂಡುಹಿಡಿಯೋ ಸುಲಭದ ಟೆಸ್ಟ್ ತಂದ, ಅದಕ್ಕೆ ಪೇಟೆಂಟ್ ಕೂಡ ತಗೊಳ್ಲಿಲ್ಲ. ಬರೀ ತೂಕಕ್ಕೆ ದುಡ್ಡು ಕೊಟ್ರೆ ನೀರು ಬೆರೆಸೋನಿಗೇ ಲಾಭ, ಗಟ್ಟಿ ಹಾಲು ತರೋನು ಮಂಗ ಆಗ್ತಾನೆ, ಈ ಟೆಸ್ಟ್ ಬಂದ್ಮೇಲೆ ಅದು ತಪ್ಪಿತು. ಗುಜರಾತಿನ ಆಣಂದದಲ್ಲಿ 1946ರಲ್ಲಿ ಹಾಲು ಕೊಳ್ಳೋನು ಒಬ್ಬನೇ ಆಗಿ ರೇಟು ಅವನೇ ಹೇಳ್ದಂಗೆ ಆದಾಗ ರೈತರು ಹಾಲು ಹಾಕೋದು ನಿಲ್ಲಿಸಿ ಸಂಘ ಕಟ್ಟಿದ್ರು, ಮುಂದೆ ಅದೇ ಅಮುಲ್ ಆಯ್ತು. ನಂಗೆ ಹಿಡಿಸಿದ್ದು ಅವರ ಹಳ್ಳಿ ಡೈರೀಲಿ ದಿನಕ್ಕೆ ಎರಡು ಹೊತ್ತು ಹಾಲು ಅಳೆದು ಫ್ಯಾಟ್ ನೋಡಿ ಅದ್ರ ಮೇಲೆ ದುಡ್ಡು ಕೊಡೋ ಪದ್ಧತಿ. ಕಾಲು ಲೀಟರ್ ತಂದ್ರೂ ಕ್ಯೂನಲ್ಲಿ ಜಾಗ ಇದೆ. ಈ ಕಾಲು ಲೀಟರ್ ಮಾತು ನೆನಪಿಟ್ಕೊಳ್ಳಿ, ಕೆಳಗೆ ಬರುತ್ತೆ.

ಇನ್ನೊಂದು ವಿಷಯ ನಂಗೆ ಅರ್ಥ ಆಗಿದ್ದು ಗೋಡೌನ್ ತುಂಬಿದ ದಿನ. ಮಳೆಗೆ ಲಾರಿ ಬರ್ಲಿಲ್ಲ, ಜಾಗ ಇಲ್ಲ, ನಾಲ್ಕು ದಿನ ಖರೀದಿ ಬಂದ್ ಅಂತ ಬೋರ್ಡ್ ಹಾಕಿದ್ವಿ. ಅದೇ ದಿನ ಸಂಜೆಗೆ ಸುತ್ತಲಿನ ವ್ಯಾಪಾರಿಗಳೆಲ್ಲ ರೇಟು ಇಳಿಸಿದ್ರು, ಮಾತಾಡ್ಕೊಂಡ್ರೋ ಇಲ್ವೋ ದೇವರಿಗೇ ಗೊತ್ತು. ಐದನೇ ದಿನ ನಾವು ಬಾಗಿಲು ತೆಗೆದ್ವಿ, ಮಧ್ಯಾಹ್ನದೊಳಗೆ ರೇಟು ಮತ್ತೆ ಹಳೇ ಜಾಗಕ್ಕೆ. ಅಂದ್ರೆ ನಮಗೆ ಒಂದು ಚೀಲ ಕೂಡ ಕೊಡದವನಿಗೂ ನಾವಿರೋದ್ರಿಂದ ಲಾಭ ಆಗ್ತಿತ್ತು. ಅಮೆರಿಕದ ಎಡ್ವಿನ್ ನೋರ್ಸ್ ಅನ್ನೋ ಅರ್ಥಶಾಸ್ತ್ರಜ್ಞ ಇದನ್ನೇ ಹೇಳಿದ್ದು, ಸಂಘ ಇಡೀ ಮಾರ್ಕೆಟ್ ಹಿಡೀಬೇಕಾಗಿಲ್ಲ, ಅಳತೆಗೋಲಿನ ಥರ ಪಕ್ಕದಲ್ಲಿ ನಿಂತಿದ್ರೆ ಸಾಕು, ಉಳಿದ ವ್ಯಾಪಾರಿಗಳು ತಾವಾಗೇ ನೆಟ್ಟಗಾಗ್ತಾರೆ ಅಂತ. ಇದ್ರಲ್ಲಿ ಒಂದು ಪಜೀತಿ ಇದೆ. ಸಂಘ ಚೆನ್ನಾಗಿ ಕೆಲಸ ಮಾಡಿದಷ್ಟೂ ಹೊರಗಿನ ರೇಟು ನಮ್ಮ ಹತ್ರ ಬರುತ್ತೆ, ಆಗ ಜನ ಕೇಳ್ತಾರೆ ನಿಮಗೂ ಅವನಿಗೂ ಏನ್ ವ್ಯತ್ಯಾಸ, ಷೇರು ಯಾಕೆ ಕಟ್ಬೇಕು. ಆಡಿಟ್‌ನವರೂ ಅದನ್ನೇ ಕೇಳ್ತಾರೆ. ನಾವಿಲ್ದಿದ್ರೆ ರೇಟು ಏನಾಗುತ್ತೆ ಅಂತ ಬಾಗಿಲು ಮುಚ್ಚಿ ತೋರಿಸೋಕಾಗುತ್ತಾ?

ಈಗ ಬಡತನದ ವಿಷಯ. ಇಲ್ಲಿ ನಾನು ಸ್ವಲ್ಪ ತಲೆ ತಗ್ಗಿಸಿ ಬರೀಬೇಕು.

ನಮ್ಮಲ್ಲಿ ಒಂದು ರೂಲ್ ಇತ್ತು: ತುಂಬಿದ ಚೀಲ ಮಾತ್ರ ತೂಗೋದು, ಕನಿಷ್ಠ ಐದು ಚೀಲ. ಕಾರಣ ಸರಿಯಾಗೇ ಇತ್ತು, ಸೀಸನಲ್ಲಿ ಕ್ಯೂ ಉದ್ದ, ಬಿಡಿ ಮಾಲು ತೂಗ್ತಾ ಕೂತ್ರೆ ಲಾರಿ ಲೋಡ್ ಆಗಲ್ಲ, ಹಮಾಲಿಗಳಿಗೆ ಚೀಲದ ಲೆಕ್ಕದಲ್ಲಿ ಕೂಲಿ, ಒಂದು ಬಿಲ್ಲಿಗೆ ಆಗೋ ಖರ್ಚು ಅರ್ಧ ಚೀಲಕ್ಕೂ ಅಷ್ಟೇ ಐವತ್ತು ಚೀಲಕ್ಕೂ ಅಷ್ಟೇ. ನಾನೇ ಬರೆದ ರೂಲ್ ಅದು. ಒಂದಿನ ಒಬ್ಬ ಹೆಂಗಸು ತಲೆ ಮೇಲೆ ಅರ್ಧ ಚೀಲ ಹೊತ್ಕೊಂಡು ಬಂದ್ರು. ಕಾಲಲ್ಲಿ ಚಪ್ಪಲಿ ಇರ್ಲಿಲ್ಲ, ಸೀರೆ ಸೆರಗಲ್ಲಿ ಮುಖ ಒರೆಸ್ಕೊಂಡು ನಿಂತ್ರು. ನಮ್ಮ ಹುಡುಗ "ಅಮ್ಮಾ ಐದು ಚೀಲ ಆದ್ಮೇಲೆ ಬನ್ನಿ" ಅಂದ. ಅವರು ಏನೂ ಅನ್ಲಿಲ್ಲ, ಮತ್ತೆ ತಲೆ ಮೇಲೆ ಎತ್ಕೊಳ್ಳೋಕೆ ಒಂದು ಕೈ ಹಿಡೀಪ್ಪ ಅಂದ್ರು ಅಷ್ಟೇ. ಹಿಡಿದು ಎತ್ತಿಕೊಟ್ಟೋನು ನಾನು. ಅಲ್ಲಿಂದ ಸೀದಾ ವ್ಯಾಪಾರಿ ಹತ್ರ ಹೋದ್ರು. ಅವನು ಅರ್ಧ ಚೀಲನೂ ತಗೊಳ್ತಾನೆ, ಅರ್ಧ ಚೀಲಕ್ಕೆ ಕಡ್ತ ಮಾತ್ರ ಪೂರ್ತಿ.

ಆಣಂದದಲ್ಲಿ ಕಾಲು ಲೀಟರ್‌ಗೂ ಕ್ಯೂನಲ್ಲಿ ಜಾಗ, ನಮ್ಮಲ್ಲಿ ಅರ್ಧ ಚೀಲಕ್ಕೆ ಇಲ್ಲ. ಅವತ್ತು ರಿಜಿಸ್ಟರ್ ತೆಗೆದು ನೋಡ್ದೆ. ನಮಗೆ ಮಾಲು ಕೊಡೋರಲ್ಲಿ ತೀರಾ ಸಣ್ಣ ಹಿಡುವಳಿಯವರು ಬೆರಳಲ್ಲಿ ಎಣಿಸೋಷ್ಟು. ಹೆಂಗಸರ ಹೆಸರಲ್ಲಿ ಷೇರು ಇನ್ನೂ ಕಮ್ಮಿ, ಯಾಕಂದ್ರೆ ಮೆಂಬರ್ ಆಗೋಕೆ ಜಮೀನಿನ ಕಾಗದ ಕೇಳ್ತಿದ್ವಿ, ಕಾಗದ ಗಂಡನ ಹೆಸರಲ್ಲಿ, ಇಲ್ಲಾ ಸತ್ತ ಮಾವನ ಹೆಸರಲ್ಲೇ ಇರುತ್ತೆ. ಗುತ್ತಿಗೆಗೆ ಮಾಡೋರಿಗೆ ಕಾಗದವೇ ಇಲ್ಲ. ಜಮೀನೇ ಇಲ್ಲದೆ ಕೂಲಿ ಮಾಡೋರು ನಮ್ಮ ಗೇಟಿನೊಳಗೆ ಬರೋದು ಹಮಾಲಿ ಕೆಲಸಕ್ಕೆ ಮಾತ್ರ. ಕಾಳಿನ ರೇಟು ಏರಿದ್ರೆ ಅವರಿಗೆ ಖುಷಿ ಯಾಕಾಗ್ಬೇಕು? ಅವರು ಕಾಳು ಕೊಂಡು ತಿನ್ನೋರು.

ಸಂಶೋಧನೆ ಮಾಡಿದವರು ಹೇಳೋದೂ ಇಂಥದ್ದೇ. ಇಥಿಯೋಪಿಯಾದ ಧಾನ್ಯ ಬೆಳೆಗಾರರ ಬಗ್ಗೆ 2008ರಲ್ಲಿ ಬಂದ ಅಧ್ಯಯನದಲ್ಲಿ ಸಂಘದ ಮೂಲಕ ಮಾರಿದವರಿಗೆ ಸುಮಾರು 7ರಿಂದ 9 ಪರ್ಸೆಂಟ್ ಒಳ್ಳೆ ರೇಟು ಸಿಕ್ಕಿತ್ತು. ಆದ್ರೆ ಒಟ್ಟಾರೆ ಮಾರಾಟಕ್ಕೆ ಬಂದ ಪಾಲು ಹೇಳಿಕೊಳ್ಳೋ ಹಂಗೆ ಏರಿರ್ಲಿಲ್ಲ, ರೇಟು ಏರಿದಾಗ ದೊಡ್ಡ ರೈತರು ಜಾಸ್ತಿ ಮಾರಿದ್ರು, ಸಣ್ಣವರು ಕಮ್ಮಿ ಮಾರಿದ್ರು. ನಂಗೆ ಇದು ಓದಿದ ತಕ್ಷಣ ಅರ್ಥ ಆಯ್ತು, ತೀರಾ ಸಣ್ಣ ರೈತ ಮಾರೋದು ಲಾಭಕ್ಕಲ್ಲ, ಇಂತಿಷ್ಟು ದುಡ್ಡು ಬೇಕು ಅಂತ, ಅದು ನಾಲ್ಕು ಚೀಲದಲ್ಲೇ ಬಂದ್ರೆ ಐದನೇದನ್ನ ಮನೇಲಿ ಇಟ್ಕೊಳ್ತಾನೆ, ತಿನ್ನೋಕೆ. ಅದೂ ಬಡತನ ಕಮ್ಮಿ ಆಗಿದ್ದೇ ಅಲ್ವಾ, ಮಾರಾಟದ ರಿಜಿಸ್ಟರಲ್ಲಿ ಮಾತ್ರ ಕಾಣಲ್ಲ. ರ್ವಾಂಡಾದಲ್ಲಿ ನೋಡಿದವರು ಸಂಘ ಸೇರಿದವರ ಆದಾಯ ಏರಿದೆ ಬಡತನ ಇಳಿದಿದೆ ಅಂದಿದ್ದಾರೆ, ಜಾಸ್ತಿ ಲಾಭ ಆಗಿದ್ದು ಸ್ವಲ್ಪ ದೊಡ್ಡ ಜಮೀನಿನವರಿಗೆ, ಮತ್ತೆ ಮಾರ್ಕೆಟ್‌ನಿಂದ ದೂರ ಇರೋರಿಗೆ. ಚೀನಾದ ಸೇಬು ಬೆಳೆಗಾರರಲ್ಲಿ ಉಲ್ಟಾ, ಅಲ್ಲಿ ಸಣ್ಣವರಿಗೇ ಹೆಚ್ಚು. ನಂಗನ್ಸೋದು, ಬೇರೆ ಬೇರೆ ಫಲಿತಾಂಶದ ಹಿಂದೆ ಬೆಳೆ, ದಾರಿ, ಮಾರ್ಕೆಟ್ ಎಲ್ಲಾ ಇರುತ್ತೆ, ಆದ್ರೆ ನನ್ನ ಐದು ಚೀಲದಂಥ ರೂಲ್‌ಗಳೂ ಇದ್ದೇ ಇರ್ತಾವೆ, ಅದನ್ನ ಯಾರೂ ಸರ್ವೇ ಫಾರಂನಲ್ಲಿ ಕೇಳಲ್ಲ.

ರೂಲ್ ತೆಗೆದ್ವಿ. ವಾರದಲ್ಲಿ ಎರಡು ದಿನ ಬೆಳಿಗ್ಗೆ ಬರೀ ಬಿಡಿ ಮಾಲಿಗೆ, ಸಣ್ಣ ತಕ್ಕಡಿ ಬೇರೆ. ತೇವ ಒಂದೇ ಥರ ಇರೋದನ್ನೆಲ್ಲ ಒಟ್ಟಿಗೆ ಸುರಿದು ಚೀಲ ತುಂಬ್ತೀವಿ. ಅವತ್ತು ದುಡ್ಡು ಅವತ್ತೇ, ಪೂರ್ತಿ, 70-30 ಎಲ್ಲ ಇಲ್ಲ. ಗುತ್ತಿಗೆ ಮಾಡೋರಿಗೆ ಅಕ್ಕಪಕ್ಕದ ಇಬ್ಬರು ಮೆಂಬರ್ ಸೈನ್ ಮಾಡಿದ್ರೆ ಸಾಕು ಅಂತ ಮಾಡಿದ್ವಿ. ಲೆಕ್ಕದಲ್ಲಿ ಇದು ನಷ್ಟದ ಬಾಬತ್ತೇ, ಪ್ರತಿ ಜನರಲ್ ಬಾಡೀಲಿ ಯಾರಾದ್ರೂ ಒಬ್ರು ಎದ್ದು ಕೇಳ್ತಾರೆ, ದೊಡ್ಡ ರೈತರ ಬೋನಸ್ಸಲ್ಲಿ ಇದನ್ನ ಯಾಕೆ ಕಳೀತೀರ ಅಂತ. ಕೇಳೋದು ತಪ್ಪಲ್ಲ. ಇಲ್ಲಿವರೆಗೆ ವೋಟಿಗೆ ಹಾಕಿದಾಗೆಲ್ಲ ಉಳ್ಕೊಂಡಿದೆ, ತಲೆಗೊಂದು ವೋಟು ಇರೋದ್ರಿಂದ.

ಎಲ್ಲಾ ಸಂಘದ ಕೈಲಿದೆ ಅಂತಾನೂ ಅಲ್ಲ. ಕಾಫಿ ನೋಡಿ, ಯಾವ ದೇಶ ಎಷ್ಟು ರಫ್ತು ಮಾಡ್ಬಹುದು ಅನ್ನೋ ದೇಶಗಳ ನಡುವಿನ ಕೋಟಾ ಒಪ್ಪಂದ 1989ರಲ್ಲಿ ಮುರಿದು ಬಿದ್ದಾಗ ಜಗತ್ತಿನಾದ್ಯಂತ ರೇಟು ಕುಸಿದು ಹೋಯ್ತು, ಆಗ ಎಷ್ಟು ಪ್ರಾಮಾಣಿಕ ತಕ್ಕಡಿ ಇಟ್ಕೊಂಡಿದ್ರೂ ಹಳ್ಳಿ ಸಂಘ ಏನ್ ಮಾಡೋಕಾಗ್ತಿತ್ತು. ಮೇಲಿನ ರೇಟು ಬಿದ್ರೆ ನಾವೂ ಬೀಳ್ತೀವಿ. ಬಿದ್ದ ರೇಟಲ್ಲಿ ನಡುವಿನ ಕೈಗಳು ತಿನ್ನೋದನ್ನ ಕಮ್ಮಿ ಮಾಡ್ಬಹುದು, ಒಂದೆರಡು ತಿಂಗಳು ಗೋಡೌನಲ್ಲಿಟ್ಟು ಕಾಯಬಹುದು, ಅದೂ ಹುಳ ಬೀಳದೇ ಇದ್ರೆ, ಬ್ಯಾಂಕ್ ಬಡ್ಡಿ ರೇಟಿನ ಏರಿಕೆನ ತಿಂದು ಹಾಕದೇ ಇದ್ರೆ. ಒಂದು ವರ್ಷ ಕಾದು ಕಾದು ಕೈ ಸುಟ್ಕೊಂಡಿದೀವಿ, ಆ ಕಥೆ ಇನ್ನೊಂದಿನ.

ಹೋದ ಸೀಸನಲ್ಲಿ ಪಕ್ಕದ ವ್ಯಾಪಾರಿನೂ ಮಾಯಿಶ್ಚರ್ ಮೀಟರ್ ತಂದ. ನಮ್ಮದೇ ಕಂಪನಿದು, ನಮಗಿಂತ ಹೊಸ ಮಾಡೆಲ್. ಅಂಗಡಿ ಮುಂದೆ ಟೇಬಲ್ ಮೇಲೆ ಇಟ್ಟಿದಾನೆ, ಹಲ್ಲಲ್ಲಿ ಕಡಿಯೋದು ಬಿಟ್ಟಿದಾನೆ. ನಮ್ಮ ಮೆಂಬರ್‌ಗಳು ಈಗ ಏನ್ ಮಾಡ್ತಾರೆ ಅಂದ್ರೆ ಮೊದಲು ಅಲ್ಲಿ ಒಂದು ಹಿಡಿ ಹಾಕಿ ನಂಬರ್ ನೋಡ್ಕೊಂಡು ಆಮೇಲೆ ನಮ್ಮ ಹತ್ರ ಬರ್ತಾರೆ. ಮೊನ್ನೆ ಆ ಅರ್ಧ ಚೀಲದ ಅಮ್ಮ ಬಂದ್ರು, ಅಲ್ಲಿ 16.2 ಬಂತಂತೆ, ನಮ್ಮದ್ರಲ್ಲಿ 16.6. "ಯಾವುದಪ್ಪ ಸರಿ?" ಅಂದ್ರು. ಅವತ್ತು 16.2ಕ್ಕೇ ಬಿಲ್ ಮಾಡ್ದೆ. ನಮ್ಮ ಮೀಟರ್ ಮತ್ತೆ ಲ್ಯಾಬಿಗೆ ಹೋಗಿದೆ.